ಟ್ರಿಪ್ಸ್‌ಡ್ರಿಲ್‌ಗೆ ಹೋಗೋಣ ಅಂತಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟಟ್‌ಗಾರ್ಟ್ ಸುತ್ತಮುತ್ತ ಇರುವ ಕನ್ನಡದವರ ಮನೆಗೆ ಬೇಸಿಗೆಯಲ್ಲಿ ಊರಿಂದ ಯಾರಾದರೂ ಬಂದೇ ಬರುತ್ತಾರೆ. ಕಾರಿನ ಮ್ಯೂಸಿಯಂ ಆಯಿತು, ಬ್ಲ್ಯಾಕ್ ಫಾರೆಸ್ಟ್ ಆಯಿತು. ಅಪ್ಪ ಅಮ್ಮನಿಗೂ ಮಕ್ಕಳಿಗೂ ಒಟ್ಟಿಗೆ ಹಿಡಿಸುವ ಜಾಗ ಇನ್ಯಾವುದಿದೆ ಅಂತ ಫೋನ್ ಬರುತ್ತದೆ. ಪ್ರತಿ ಸಲವೂ ನಾನು ಟ್ರಿಪ್ಸ್‌ಡ್ರಿಲ್ ಅನ್ನುತ್ತೇನೆ. ಆಮೇಲೆ ಅವೇ ಪ್ರಶ್ನೆಗಳು. ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಊಟಕ್ಕೆ ಕೂತಾಗ ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ.

## ಮೊದಲ ಸಲ ಕೇಳುವವರಿಗೆ

ಟ್ರಿಪ್ಸ್‌ಡ್ರಿಲ್ ಅಂದ್ರೆ ಏನು? ಊರಾ, ಪಾರ್ಕಾ?

ಪಾರ್ಕು. ಜರ್ಮನಿಯ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ, ಹೈಲ್‌ಬ್ರೊನ್ ಜಿಲ್ಲೆಯ ಕ್ಲೇಬ್ರೊನ್ ಅನ್ನೋ ಹಳ್ಳಿಯ ಪಕ್ಕ ಇದೆ. ಸ್ಟಟ್‌ಗಾರ್ಟ್‌ನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್. ಸುತ್ತ ದ್ರಾಕ್ಷಿ ತೋಟ, ಹಿಂದೆ ಮಿಖಾಯೆಲ್ಸ್‌ಬೆರ್ಗ್ ಅನ್ನೋ ಗುಡ್ಡ, ಅದರಾಚೆ ಕಾಡು. ಅಲ್ಲಿ ಟ್ರೆಫೆನ್‌ಟ್ರಿಲ್ ಅಂತ ಒಂದು ಪುಟ್ಟ ಕೇರಿ ಇತ್ತು. ಪಾರ್ಕಿನ ಹೆಸರಿಗೆ ಅದೇ ಮೂಲ.

1929ರಲ್ಲಿ ಶುರುವಾದ ಇದನ್ನು ಜರ್ಮನಿಯ ಅತಿ ಹಳೆಯ ಥೀಮ್ ಪಾರ್ಕ್ ಅನ್ನುತ್ತಾರೆ. ನೂರಕ್ಕೂ ಹೆಚ್ಚು ಆಟಗಳಿವೆ, ಪಕ್ಕದಲ್ಲೇ ಪ್ರಾಣಿಗಳ ಪಾರ್ಕೂ ಇದೆ. ಇಡೀ ಜಾಗದ ಕಥೆ ಒಂದೇ: 1880ರ ಹೊತ್ತಿನ ಶ್ವಾಬೆನ್ ಹಳ್ಳಿಗಾಡು. ಬಟ್ಟೆ ಒಗೆಯುವುದು, ಸ್ನಾನ ಮಾಡುವುದು, ದ್ರಾಕ್ಷಿ ಹಿಂಡುವುದು, ಮರ ಕೊಯ್ಯುವುದು, ಇವೇ ಇಲ್ಲಿ ಆಟಗಳಾಗಿವೆ. ನಮ್ಮವರಿಗೆ ಥಟ್ಟನೆ ಅರ್ಥವಾಗಬೇಕು ಅಂದರೆ, ರಾಮನಗರದ ಜಾನಪದ ಲೋಕವನ್ನೂ ಅಲ್ಲೇ ರಸ್ತೆಯಲ್ಲಿ ಸಿಗುವ ವಂಡರ್‌ಲಾವನ್ನೂ ಒಂದೇ ಕಾಂಪೌಂಡಿನೊಳಗೆ ಹಾಕಿದ ಹಾಗೆ.

ಶ್ವಾಬೆನ್, ಶ್ವೇಬಿಶ್ ಅಂತೀರಲ್ಲ, ಅವರೂ ಜರ್ಮನ್ನರೇ ಅಲ್ವಾ?

ಜರ್ಮನ್ನರೇ. ಆದರೆ ಧಾರವಾಡದವರು "ನಾವು ಬ್ಯಾರೆ" ಅನ್ನುತ್ತಾರಲ್ಲ, ಹಾಗೆ. ಶ್ವಾಬೆನ್ ಅಂದರೆ ನೈಋತ್ಯ ಜರ್ಮನಿಯ ಒಂದು ಸೀಮೆ, ಸ್ಟಟ್‌ಗಾರ್ಟ್ ಅದರ ದೊಡ್ಡ ಊರು. ಅಲ್ಲಿಯ ಜನರ ಆಡುಮಾತೇ ಶ್ವೇಬಿಶ್. ಬರ್ಲಿನ್ನಿನವರಿಗೆ ಅರ್ಧ ಅರ್ಥವಾಗುವುದಿಲ್ಲ. ಎಲ್ಲ ನಾಮಪದದ ಬಾಲಕ್ಕೂ "ಲೆ" ಸೇರಿಸಿ ಪುಟ್ಟದು ಮಾಡಿಬಿಡುತ್ತಾರೆ. ಹೌಸ್ ಅಂದರೆ ಮನೆ, ಹೊಯ್ಸ್‌ಲೆ ಅಂದರೆ ಮುದ್ದಾದ ಸ್ವಂತ ಮನೆ. ಈ ರಾಜ್ಯವೇ 1999ರಲ್ಲಿ "ನಮಗೆ ಎಲ್ಲಾ ಬರುತ್ತೆ, ಶುದ್ಧ ಜರ್ಮನ್ ಒಂದು ಬಿಟ್ಟು" ಅಂತ ಜಾಹೀರಾತು ಕೊಟ್ಟುಕೊಂಡಿತ್ತು!

ಅವರ ಬಗ್ಗೆ ಉಳಿದವರು ಹೇಳುವ ಜೋಕುಗಳೆಲ್ಲ ದುಡ್ಡು ಮತ್ತು ಪೊರಕೆ ಮೇಲೆ. ಜಿಪುಣರು, ದುಡಿಯುವವರು, ಮನೆ ಕಟ್ಟುವವರು, ಸರದಿ ಪ್ರಕಾರ ಮೆಟ್ಟಿಲು ಗುಡಿಸುವವರು. ಸರದಿ ಗುಡಿಸುವ ವಾರಕ್ಕೆ ಕೆಯರ್‌ವೋಖೆ ಅಂತ ಹೆಸರು. ಇಲ್ಲಿ ಬಾಡಿಗೆ ಮನೆಯಲ್ಲಿ ಇದ್ದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಈ ಜೋಕುಗಳನ್ನು ಶ್ವಾಬೆನ್ ಜನ ತಾವೇ ತಮ್ಮ ಮೇಲೆ ಮಾಡಿಕೊಂಡರೆ ಹೇಗಿರುತ್ತದೋ ಅದು ಟ್ರಿಪ್ಸ್‌ಡ್ರಿಲ್.

ಯೂರೋಪಾ ಪಾರ್ಕ್ ನೋಡಿಯಾಗಿದೆ. ಇದಕ್ಕೂ ಹೋಗಬೇಕಾ?

ಯೂರೋಪಾ ಪಾರ್ಕ್ ಬಹಳ ದೊಡ್ಡದು, ಜರ್ಮನಿಯಲ್ಲೇ ದೊಡ್ಡದು. ಅಲ್ಲಿ ಗ್ರೀಸ್, ಇಟಲಿ, ಐಸ್‌ಲ್ಯಾಂಡ್ ಅಂತ ದೇಶ ದೇಶ ಸುತ್ತಬಹುದು. ಟ್ರಿಪ್ಸ್‌ಡ್ರಿಲ್‌ನಲ್ಲಿ ಒಂದೇ ಹಳ್ಳಿ ಸುತ್ತುತ್ತೀರಿ. ರೋಲರ್ ಕೋಸ್ಟರ್ ಎಣಿಸುವವರಿಗೆ ಯೂರೋಪಾ ಪಾರ್ಕೇ ಸರಿ. ಆದರೆ ಅಜ್ಜಿಯೂ ಮೊಮ್ಮಗುವೂ ಇರುವ ಗುಂಪಿಗೆ ನನ್ನ ಓಟು ಟ್ರಿಪ್ಸ್‌ಡ್ರಿಲ್‌ಗೆ. ಇಲ್ಲಿ ಮರದ ನೆರಳಿದೆ, ಕೂರಲು ಜಾಗ ಇದೆ, ಸುಮ್ನೆ ನೋಡುತ್ತಾ ನಿಂತರೂ ನಗು ಬರುತ್ತದೆ.

ಇನ್ನೊಂದು ಮಾತು. ಯೂರೋಪಾ ಪಾರ್ಕ್ ಇರುವುದು ಬಾಡೆನ್ ಸೀಮೆಯಲ್ಲಿ, ಟ್ರಿಪ್ಸ್‌ಡ್ರಿಲ್ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ. ಬಾಡೆನ್ ಮತ್ತು ವ್ಯೂರ್ಟೆಂಬರ್ಗ್ ಕಡೆಯವರು 1952ರಲ್ಲಿ ಒಂದೇ ರಾಜ್ಯ ಆದರೂ ಒಬ್ಬರನ್ನೊಬ್ಬರು ಕಾಲೆಳೆಯುವುದನ್ನು ನಿಲ್ಲಿಸಿಲ್ಲ. ಆಫೀಸಿನಲ್ಲಿ ಎರಡು ಪಾರ್ಕಿನ ಹೋಲಿಕೆ ಎತ್ತುವ ಮುಂಚೆ ಎದುರಿಗಿರುವವರು ಯಾವ ಕಡೆಯವರು ಅಂತ ನೋಡಿಕೊಳ್ಳಿ.

ಯಾವುದೋ ಮುದುಕಿಯರ ಗಿರಣಿ ಇದೆಯಂತೆ, ಏನದು ಕಥೆ?

ಇಡೀ ಪಾರ್ಕು ಹುಟ್ಟಿದ್ದೇ ಅದರಿಂದ. ಮುದುಕಿಯರನ್ನು ಒಂದು ಗಿರಣಿಯ ಬಾಯಿಗೆ ಹಾಕಿದರೆ ಕೆಳಗೆ ಹುಡುಗಿಯರಾಗಿ ಬೀಳುತ್ತಾರೆ ಅನ್ನೋದು ಆ ಕಡೆಯ ಹಳೇ ತಮಾಷೆ ಕಥೆ. 1929ರಲ್ಲಿ ಓಯ್ಗೆನ್ ಫಿಷರ್ ಅನ್ನುವವರು ಕಥೆಯನ್ನು ನಿಜವಾಗಿಯೇ ಕಟ್ಟಿಬಿಟ್ಟರು. ಒಂದು ಗಾಳಿಗಿರಣಿ, ಒಳಗೆ ಜಾರುಬಂಡೆ, ಜೊತೆಗೆ ಊಟದ ಹೋಟೆಲು. ಗಿರಣಿಗೆ ಆಲ್ಟ್‌ವೈಬರ್‌ಮ್ಯೂಲೆ, ಅಂದರೆ ಮುದುಕಿಯರ ಗಿರಣಿ, ಅಂತ ಹೆಸರು. ಜನ ಬಂದರು, ಹತ್ತಿದರು, ಜಾರಿದರು, ಊಟ ಮಾಡಿದರು. ಅಷ್ಟೇ ಆಗ ಪಾರ್ಕು.

1946ರಲ್ಲಿ ಸಿಡಿಲು ಬಡಿದು ಗಿರಣಿ ಸುಟ್ಟುಹೋಯಿತು. ಯುದ್ಧ ಮುಗಿದು ಒಂದು ವರ್ಷ, ಹೈಲ್‌ಬ್ರೊನ್ ಊರೇ ಬಾಂಬಿಗೆ ನೆಲಸಮ ಆಗಿದ್ದ ಕಾಲ. ಅಂಥ ಹೊತ್ತಿನಲ್ಲಿ ಜಾರುಬಂಡೆ ಯಾರಿಗೆ ಬೇಕು ಅಂತ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. 1950ರಲ್ಲಿ ಗಿರಣಿ ಮತ್ತೆ ಎದ್ದಿತು. ಇವತ್ತು ನೀವು ಜಾರುವುದು ಆ ಎರಡನೇ ಗಿರಣಿಯಲ್ಲಿ. ಪಾರ್ಕು ಈಗಲೂ ಫಿಷರ್ ಮನೆತನದ ಕೈಯಲ್ಲೇ ಇದೆ.

ಜೋಕು ಇವತ್ತಿನ ಕಣ್ಣಿಗೆ ಸ್ವಲ್ಪ ಹಳೆಯದೇ. "ಮುದುಕರನ್ನ ಯಾಕೆ ಹಾಕಲ್ಲ ಇದಕ್ಕೆ?" ಅಂತ ನಮ್ಮ ಅತ್ತೆ ಕೇಳಿದ್ದರು. ಕೇಳಿದವರೇ ಎರಡು ಸಲ ಜಾರಿದರು ಅನ್ನೋದು ಬೇರೆ ಮಾತು.

## ಹೊರಡುವ ಮುಂಚೆ

ಯಾವಾಗ ಹೋದರೆ ಒಳ್ಳೆಯದು?

ಆಟದ ಪಾರ್ಕು ವಸಂತದಿಂದ ನವೆಂಬರ್ ಶುರುವಿನವರೆಗೆ ಮಾತ್ರ ತೆರೆದಿರುತ್ತದೆ. ಚಳಿಗಾಲದಲ್ಲಿ ಪ್ರಾಣಿಗಳ ಪಾರ್ಕು ಮಾತ್ರ. ಈ ವರ್ಷದ ತಾರೀಖು, ಹೊತ್ತು, ಟಿಕೆಟ್ ದರವನ್ನು ಅವರ ವೆಬ್‌ಸೈಟಿನಲ್ಲಿ ನೋಡಿ. ಅದು ವರ್ಷ ವರ್ಷ ಬದಲಾಗುತ್ತದೆ.

ಜನ ಜಾಸ್ತಿ ಇರುವುದು ಶನಿವಾರ ಭಾನುವಾರ, ಮೇ-ಜೂನ್‌ನ ಪೆಂಟೆಕೋಸ್ಟ್ ಅನ್ನೋ ಕ್ರೈಸ್ತ ಹಬ್ಬದ ರಜೆಯಲ್ಲಿ, ಮತ್ತೆ ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ನಡೆಯುವ ಬೇಸಿಗೆ ರಜೆಯಲ್ಲಿ. ಊರಿಂದ ಬಂದವರಿಗೆ ವಾರದ ದಿನ ಆದರೂ ನಡೆಯುತ್ತದೆ, ಹಾಗಾಗಿ ಜೂನ್ ಕೊನೆಯ ಒಂದು ಮಂಗಳವಾರವೋ ಬುಧವಾರವೋ ರಜೆ ಹಾಕಿಬಿಡಿ. ನನಗೆ ಇಷ್ಟ ಮಾತ್ರ ಸೆಪ್ಟೆಂಬರ್ ಕೊನೆ. ಸುತ್ತಲಿನ ತೋಟಗಳಲ್ಲಿ ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ. ಪಾರ್ಕಿನೊಳಗೆ ನೋಡಿದ್ದು ಬರೀ ಅಲಂಕಾರ ಅಲ್ಲ ಅಂತ ರಸ್ತೆಯಲ್ಲೇ ಗೊತ್ತಾಗುತ್ತದೆ. ಬೆಳಿಗ್ಗೆ ಚಳಿ ಇರುತ್ತದೆ, ಅಮ್ಮನಿಗೆ ಒಂದು ಸ್ವೆಟರ್ ಇರಲಿ.

ಕಾರಿಲ್ಲ. ರೈಲು ಬಸ್ಸಲ್ಲಿ ಹೋಗೋಕಾಗುತ್ತಾ?

ಆಗುತ್ತದೆ, ಆದರೆ ತಾಳ್ಮೆ ಬೇಕು. ಪಾರ್ಕಿನ ಬಾಗಿಲಿಗೆ ರೈಲಿಲ್ಲ. ಸ್ಟಟ್‌ಗಾರ್ಟ್‌ನಿಂದ ಬೀಟಿಗ್‌ಹೈಮ್-ಬಿಸ್ಸಿಂಗೆನ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಬಸ್ಸು ಬೆಂಗಳೂರಿನ ಹಾಗೆ ಹತ್ತು ನಿಮಿಷಕ್ಕೊಂದು ಬರುವುದಿಲ್ಲ. ಹೋಗುವುದಕ್ಕಿಂತ ವಾಪಸ್ ಬರುವ ಬಸ್ಸಿನ ಹೊತ್ತನ್ನು ಮೊದಲು ನೋಡಿಟ್ಟುಕೊಳ್ಳಿ. ಒಂದು ಸಲ ನಾವು ಕೊನೆಯ ಆಟದ ಆಸೆಗೆ ಬಸ್ಸು ತಪ್ಪಿಸಿಕೊಂಡು, ಮೂರು ಜನ ದೊಡ್ಡವರು, ಎರಡು ಮಕ್ಕಳು, ಒಂದು ಖಾಲಿ ಬುತ್ತಿ ಹಿಡಿದುಕೊಂಡು ನಿಲ್ದಾಣದಲ್ಲಿ ಕೂತಿದ್ದೆವು.

ಕಾರಿದ್ದರೆ ಸ್ಟಟ್‌ಗಾರ್ಟ್-ಹೈಲ್‌ಬ್ರೊನ್ ನಡುವಿನ ಎ81 ಹೆದ್ದಾರಿ ಹಿಡಿದು ಮುಂಡೆಲ್ಸ್‌ಹೈಮ್ ಅಥವಾ ಇಲ್ಸ್‌ಫೆಲ್ಡ್ ಹತ್ತಿರ ಇಳಿಯಿರಿ. ಉಳಿದದ್ದು ಹಳ್ಳಿ ರಸ್ತೆ. ಹಳ್ಳಿಯೊಳಗೆ ವೇಗ ಹೆಚ್ಚಿದರೆ ಕ್ಯಾಮೆರಾ ಫೋಟೊ ತೆಗೆದು ಮನೆಗೆ ಕಳಿಸುತ್ತದೆ.

ಆಟಕ್ಕೊಂದು, ಪ್ರಾಣಿಗಳಿಗೊಂದು ಅಂತ ಎರಡು ಟಿಕೆಟ್ ತಗೋಬೇಕಾ?

ಬೇಡ. ಆಟದ ಪಾರ್ಕಿನ ದಿನದ ಟಿಕೆಟ್ಟಿನಲ್ಲೇ ವಿಲ್ಡ್‌ಪರಡೀಸ್ ಅನ್ನೋ ಪ್ರಾಣಿ ಪಾರ್ಕೂ ಸೇರಿದೆ. ಒಳಗೆ ಒಂದೊಂದು ಆಟಕ್ಕೂ ಬೇರೆ ಬೇರೆ ದುಡ್ಡು ಕೀಳುವುದಿಲ್ಲ.

ಒಂದು ದಿನ ಸಾಕಾ?

ಎಲ್ಲವನ್ನೂ ಮುಗಿಸುತ್ತೇನೆ ಅಂದರೆ ಸಾಲದು. ನೆಮ್ಮದಿಯಾಗಿ ನೋಡುತ್ತೇನೆ ಅಂದರೆ ಸಾಕು. ನಮ್ಮವರು ಮಾಡುವ ತಪ್ಪು ಏನು ಅಂದರೆ, ಕೊಟ್ಟ ದುಡ್ಡು ವಸೂಲಿ ಮಾಡಬೇಕು ಅಂತ ಮ್ಯಾಪ್ ಹಿಡಿದು ಆಟದಿಂದ ಆಟಕ್ಕೆ ಓಡುವುದು. ಇಲ್ಲಿಯ ಮಜಾ ಇರುವುದು ಆಟದ ಬಾಗಿಲ ಹತ್ತಿರ, ಕ್ಯೂ ನಿಲ್ಲುವ ದಾರಿಯಲ್ಲಿ. ಹಳೇ ಹೊಲಿಗೆ ಮಿಷನ್ನು, ಮರದ ಬಾನಿ, ಗರಗಸ, ಪೀಪಾಯಿ ಎಲ್ಲ ಅಲ್ಲೇ ಇಟ್ಟಿರುತ್ತಾರೆ. ಐದಾರು ಆಟ, ಒಂದು ನಿಧಾನದ ಊಟ, ಸಂಜೆ ಮುಂಚೆ ಪ್ರಾಣಿಗಳು. ಇಷ್ಟು ಹಾಕಿಕೊಳ್ಳಿ.

## ಒಳಗೆ ಹೋದ ಮೇಲೆ

ಮೂರು ವರ್ಷದ ಮಗು ಇದೆ. ಅದಕ್ಕೇನಾದರೂ ಇದೆಯಾ, ನಾವು ಸುಮ್ನೆ ತಳ್ಳುಗಾಡಿ ತಳ್ಳಿಕೊಂಡು ಓಡಾಡಬೇಕಾ?

ಚಿಕ್ಕ ಮಕ್ಕಳಿಗೆ ಜರ್ಮನಿಯಲ್ಲಿ ಇದಕ್ಕಿಂತ ಒಳ್ಳೆಯ ಪಾರ್ಕ್ ನಾನು ನೋಡಿಲ್ಲ. ದೊಡ್ಡ ಸೂಪಿನ ಬಟ್ಟಲಲ್ಲಿ ಕೂತು ಗಿರಗಿರ ತಿರುಗಬಹುದು. ದ್ರಾಕ್ಷಿ ತುಂಬುವ ಮರದ ತೊಟ್ಟಿಯಲ್ಲಿ ಕೂರಬಹುದು. ಮನೆಯಲ್ಲಿ ಹಾಕಿಕೊಳ್ಳುವ ಚಪ್ಪಲಿಯ ಆಕಾರದ ಗಾಡಿಯಲ್ಲಿ ಸವಾರಿ ಹೋಗಬಹುದು. ಸೂಪು, ದ್ರಾಕ್ಷಿ, ಚಪ್ಪಲಿ, ಮೂರೂ ಮೂರು ವರ್ಷದ ಮಗುವಿಗೆ ಗೊತ್ತಿರುವ ವಸ್ತುಗಳು. ಬಾಹ್ಯಾಕಾಶ, ಡ್ರ್ಯಾಗನ್ ಅಂತ ವಿವರಿಸಬೇಕಾಗಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ ಸಹಸ್ರಪದಿ ಆಕಾರದ ಪುಟ್ಟ ರೋಲರ್ ಕೋಸ್ಟರ್ ಇದೆ. ಪ್ರತಿ ಆಟದ ಮುಂದೆಯೂ ಎಷ್ಟು ಸೆಂಟಿಮೀಟರ್ ಎತ್ತರ ಇರಬೇಕು ಅನ್ನೋ ಬೋರ್ಡ್ ಇರುತ್ತದೆ. ಮನೆಯಲ್ಲೇ ಮಗುವಿನ ಎತ್ತರ ಅಳೆದುಕೊಂಡು ಹೋದರೆ ಅಳು ತಪ್ಪುತ್ತದೆ. "ಒಂದೇ ಸೆಂಟಿಮೀಟರ್ ಕಮ್ಮಿ ಅಲ್ವಾ, ಬಿಡಿ ಸರ್" ಅನ್ನೋದು ಇಲ್ಲಿ ನಡೆಯುವುದಿಲ್ಲ.

ಭಯ ಆಗೋ ರೋಲರ್ ಕೋಸ್ಟರ್ ಯಾವುದು? ಯಾವುದರಿಂದ ಶುರು ಮಾಡಲಿ?

ಮಾಮುಟ್‌ನಿಂದ ಶುರು ಮಾಡಿ. 2008ರಲ್ಲಿ ಬಂದ ಮರದ ಕೋಸ್ಟರ್ ಇದು. ಮರ ಕೊಯ್ಯುವ ಮಿಲ್ಲಿನ ಕಥೆ ಇಟ್ಟುಕೊಂಡಿದ್ದಾರೆ. 30 ಮೀಟರ್ ಎತ್ತರ, ಗಂಟೆಗೆ 90 ಕಿಲೋಮೀಟರ್. ತಲೆಕೆಳಗು ಮಾಡುವುದಿಲ್ಲ, ಆದರೆ ಮರ ಆದ್ದರಿಂದ ಗಡಗಡ ಸದ್ದೇ ಅರ್ಧ ಹೆದರಿಸುತ್ತದೆ.

ಕರಾಖೋ 2013ರದು. ಹಳೇ ಕಾಲದ ತಂತ್ರಜ್ಞನ ಗ್ಯಾರೇಜಿನಿಂದ ಹೊರಡುತ್ತದೆ. ಮೊದಲು ಕತ್ತಲಲ್ಲಿ ಮೆಲ್ಲಗೆ ಒಂದು ಸುತ್ತು ಉರುಳಿಸುತ್ತದೆ. ಇಷ್ಟೇನಾ ಅಂದುಕೊಳ್ಳುವಷ್ಟರಲ್ಲಿ 1.6 ಸೆಕೆಂಡಿಗೆ 100 ಕಿಲೋಮೀಟರ್ ವೇಗ. ಕಾರು ಎಂಜಿನಿಯರ್‌ಗಳು ತುಂಬಿರುವ ಸೀಮೆಗೆ ತಕ್ಕ ಆಟ. ಬಾಷ್‌ನಲ್ಲೋ ಮರ್ಸಿಡಿಸ್‌ನಲ್ಲೋ ಕೆಲಸ ಮಾಡುವ ಗೆಳೆಯರನ್ನು ಕರೆದುಕೊಂಡು ಹೋದರೆ ಇಳಿದ ಮೇಲೆ ಅರ್ಧ ಗಂಟೆ ವೇಗೋತ್ಕರ್ಷದ ಲೆಕ್ಕ ಕೇಳಬೇಕಾಗುತ್ತದೆ.

2020ರಲ್ಲಿ ಬಂದವು ಜೋಡಿ ಕೋಸ್ಟರ್‌ಗಳು. ಹಾಲ್ಸ್ ಊಬರ್ ಕೊಪ್ಫ್‌ನಲ್ಲಿ ಕಾಲು ಗಾಳಿಯಲ್ಲಿ ನೇತಾಡುತ್ತದೆ, ಹಳಿ ತಲೆ ಮೇಲೆ ಇರುತ್ತದೆ. ಫೋಲ್‌ಡಾಂಪ್ಫ್ ಅದರ ನಡುವೆಯೇ ನುಸುಳುವ ಉಗಿಬಂಡಿ, ಮುಂದಕ್ಕೆ ಹೋಗಿ ಹಿಂದಕ್ಕೂ ಬರುತ್ತದೆ. ಮನೆಯ ಧೈರ್ಯಸ್ಥರು ಮೊದಲನೆಯದಕ್ಕೆ, ಉಳಿದವರು ಎರಡನೆಯದಕ್ಕೆ. ನಡುವೆ ಒಬ್ಬರಿಗೊಬ್ಬರು ಕೈ ಬೀಸಬಹುದು.

ಆಟಗಳ ಹೆಸರು ಓದಿ ಜರ್ಮನ್ನರು ನಗ್ತಿರ್ತಾರೆ. ನಮಗೂ ಸ್ವಲ್ಪ ಹೇಳಿ.

ಇದನ್ನು ಕೇಳಿದವರ ಮೇಲೆ ನನಗೆ ವಿಶೇಷ ಪ್ರೀತಿ. ಹೆಸರು ಗೊತ್ತಾಗದೆ ಹೋದರೆ ಈ ಪಾರ್ಕಿನ ಅರ್ಧ ಖುಷಿ ಹೋದ ಹಾಗೆ.

ಗ್ಸೆಂಗ್ಟೆ ಸೌ ಅಂದರೆ ಮೈ ಸುಟ್ಟ ಹೆಣ್ಣು ಹಂದಿ. ಯಾರಾದರೂ ಅಡ್ಡಾದಿಡ್ಡಿ ಗಾಡಿ ಓಡಿಸಿದರೆ ಜರ್ಮನ್ನರು "ಮೈ ಸುಟ್ಟ ಹಂದಿ ಥರ ಓಡಿಸ್ತಾನೆ" ಅಂತ ಬೈಯುತ್ತಾರೆ. 1998ರಲ್ಲಿ ಬಂದ ಕೋಸ್ಟರಿಗೆ ಅದನ್ನೇ ಹೆಸರಿಟ್ಟಿದ್ದಾರೆ. ಹಾಲ್ಸ್ ಊಬರ್ ಕೊಪ್ಫ್ ಅಂದರೆ ಕತ್ತು ತಲೆಯ ಮೇಲೆ ಅಂತ ಅಕ್ಷರದ ಅರ್ಥ, ನಮ್ಮ "ಎದ್ದೆನೋ ಬಿದ್ದೆನೋ". ಫೋಲ್‌ಡಾಂಪ್ಫ್ ಅಂದರೆ ಪೂರ್ತಿ ಉಗಿ. ಕರಾಖೋ ಅಂದರೆ ಭರ್ರನೆ ಹೋಗುವ ವೇಗ. ಆ ಪದದ ಮೂಲ ಒಂದು ಸ್ಪ್ಯಾನಿಶ್ ಬೈಗುಳ, ಇಲ್ಲಿ ಬರೆಯುವುದು ಬೇಡ.

ಎಲ್ಲಕ್ಕಿಂತ ತುಂಟ ಹೆಸರು ಡೊಪ್ಪೆಲ್ಟರ್ ಡೊನ್ನರ್‌ಬಾಲ್ಕೆನ್. ಗುಡುಗಿನ ತೊಲೆ, ಅದೂ ಜೋಡಿ. ಗುಂಡಿಯ ಮೇಲೆ ಅಡ್ಡ ಹಾಕಿದ ಮರದ ತುಂಡಿನ ಮೇಲೆ ಕೂರುವ ಹಳೇ ಕಾಲದ ಪಾಯಿಖಾನೆಗೆ ಸಿಪಾಯಿಗಳು ಇಟ್ಟ ಹೆಸರು ಅದು. ಗುಡುಗು ಯಾವುದು ಅಂತ ನೀವೇ ಊಹಿಸಿ. ಇಲ್ಲಿ ಅದು ಮೇಲಕ್ಕೆ ಎತ್ತಿ ಧೊಪ್ಪನೆ ಬೀಳಿಸುವ ಎರಡು ಗೋಪುರ, ಎದುರು ಬದುರು. ಮೇಲೆ ಕೂತವರ ಮುಖವನ್ನು ಎದುರಿನವರು ನೋಡಬಹುದು.

ನೀರಿನ ಆಟ ಎರಡು. ವಾಶ್‌ತ್ಸೂಬರ್ ಅಂದರೆ ಬಟ್ಟೆ ಒಗೆಯುವ ದೊಡ್ಡ ಮರದ ಬಾನಿ. ಮನೆಮಂದಿ ಎಲ್ಲ ಒಂದೇ ಬಾನಿಯಲ್ಲಿ ಕೂತು ಹೊಳೆಯಲ್ಲಿ ತೇಲಬೇಕು. ಇನ್ನೊಂದರಲ್ಲಿ ಸ್ನಾನದ ತೊಟ್ಟಿಯೇ ದೋಣಿ. ಅದು ಕೋಟೆಯೊಳಗೆ ಹೋಗಿ, ಜನ ಒಂದೊಂದು ಕಾಲದಲ್ಲಿ ಹೇಗೆ ಸ್ನಾನ ಮಾಡುತ್ತಿದ್ದರು ಅನ್ನೋ ಗೊಂಬೆಗಳನ್ನು ದಾಟಿ, ಯೌವನ ಕೊಡುವ ಚಿಲುಮೆ ಅಂತ ಹೆಸರಿರುವ ಕಡೆ ಕೆಳಕ್ಕೆ ಧುಮುಕುತ್ತದೆ. ಸ್ನಾನದ ಗೊಂಬೆಗಳ ಮೈಮೇಲೆ ಬಟ್ಟೆ ಕಮ್ಮಿ. ಮಾವನ ಪಕ್ಕ ಕೂರಬೇಡಿ.

ಗಮನಿಸಿ ನೋಡಿ, ಗಿರಣಿಯಲ್ಲಿ ಶುರುವಾದ ಯೌವನದ ಜೋಕು ಇಲ್ಲಿ ಮತ್ತೆ ಬಂದಿದೆ. ಒಗೆಯುವುದು, ಮೀಯುವುದು, ಕುಡಿಯುವುದು, ಪಾಯಿಖಾನೆಗೆ ಹೋಗುವುದು. ರಾಜಕುಮಾರಿ, ಮಾಂತ್ರಿಕ ಯಾರೂ ಇಲ್ಲ. ಹಳ್ಳಿಯ ದಿನಚರಿಯೇ ಇವರ ಪುರಾಣ. ಅದಕ್ಕೇ ನಮ್ಮ ಹಿರಿಯರಿಗೆ ಇದು ಬೇಗ ಹಿಡಿಸುತ್ತದೆ ಅಂತ ನನ್ನ ಅನಿಸಿಕೆ. ಬಾನಿ, ಪೀಪಾಯಿ, ಗಾಣ ಏನು ಅಂತ ಅವರಿಗೆ ಗೊತ್ತು. ಮೊಮ್ಮಕ್ಕಳಿಗೆ ಅವರೇ ವಿವರಿಸುತ್ತಾರೆ, ಕನ್ನಡದಲ್ಲಿ.

ಅಮ್ಮನಿಗೆ ಮೊಣಕಾಲು ನೋವು. ಕರೆದುಕೊಂಡು ಹೋಗಬಹುದಾ?

ಹೋಗಬಹುದು. ಜಾಗ ಇರುವುದು ಗುಡ್ಡದ ಬುಡದಲ್ಲಿ, ಹಾಗಾಗಿ ಅಲ್ಲಲ್ಲಿ ಏರು ಇಳಿಜಾರು ಇದೆ. ಪ್ರಾಣಿಗಳ ಪಾರ್ಕು ಕಾಡಿನೊಳಗೆ ಇರುವುದರಿಂದ ಅಲ್ಲಿ ನಡಿಗೆ ಜಾಸ್ತಿ. ಅಮ್ಮ ಆಟದ ಕಡೆ ಹಳ್ಳಿ ಬೀದಿ, ಮ್ಯೂಸಿಯಂ, ಊಟ ನೋಡಿಕೊಂಡಿದ್ದರೆ ದಿನ ಹೋಗುತ್ತದೆ. ಬೆನ್ನು ನೋವಿರುವವರು ಮಾಮುಟ್ ಹತ್ತಬೇಡಿ.

ಮಳೆ ಬಂದ್ರೆ?

ಜಿಟಿಜಿಟಿ ಮಳೆಗೆ ಪಾರ್ಕು ನಿಲ್ಲುವುದಿಲ್ಲ. ಗುಡುಗು ಸಿಡಿಲು ಬಂದರೆ ಎತ್ತರದ ಆಟ ನಿಲ್ಲಿಸುತ್ತಾರೆ. ಗಾವ್ಡಿ-ಫಿಯರ್ಟೆಲ್ ಅನ್ನೋ ಕಡೆ ಸೂರಿನ ಕೆಳಗೆ ಮಕ್ಕಳು ಹತ್ತಿ ಜಾರುವ ಜಾಗ ಇದೆ, ಮ್ಯೂಸಿಯಂಗಳೂ ಇವೆ. ಹೇಗೂ ನೀರಿನ ಆಟದಲ್ಲಿ ನೆನೆಯುತ್ತೀರಿ, ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಂಡೇ ಹೋಗಿ.

## ಊಟ, ತಿಂಡಿ, ಕುಡಿಯುವುದು

ನಾವು ಸಸ್ಯಾಹಾರಿಗಳು. ಫ್ರೆಂಚ್ ಫ್ರೈಸ್ ಬಿಟ್ಟು ಏನಾದರೂ ಸಿಗುತ್ತಾ?

ಮೊಟ್ಟೆ ಆಗುತ್ತದೆ ಅಂದರೆ ಸುಖ. ಕೇಸ್‌ಶ್ಪೆಟ್ಸ್‌ಲೆ ತಗೊಳ್ಳಿ. ಶ್ಪೆಟ್ಸ್‌ಲೆ ಅಂದರೆ ಹಿಟ್ಟು ಮೊಟ್ಟೆ ಕಲಸಿ ಕುದಿಯುವ ನೀರಿಗೆ ಇಳಿಸುವ ಮೆತ್ತಗಿನ ಎಳೆ. ಕೆಲವರು ಹಲಗೆ ಮೇಲಿಂದ ಚಾಕುವಿನಲ್ಲಿ ಕೆರೆದು ಬೀಳಿಸುತ್ತಾರೆ, ಕೆಲವರು ಒತ್ತುತ್ತಾರೆ. ಒತ್ತುವ ಯಂತ್ರ ನೋಡಿದರೆ ನಮ್ಮ ಶಾವಿಗೆ ಒರಳಿನ ಅಣ್ಣ ತಮ್ಮ ಅನ್ನಿಸುತ್ತದೆ. ಅದರ ಮೇಲೆ ಚೀಸು, ಹುರಿದ ಈರುಳ್ಳಿ. ಊಟ ಆದ ಮೇಲೆ ಕೋಸ್ಟರ್ ಬೇಡ.

ಮೊಟ್ಟೆ ತಿನ್ನದವರಿಗೆ ಸ್ವಲ್ಪ ಕಷ್ಟ. ಇಲ್ಲಿ ಮೋಸ ಹೋಗುವುದು ಮೂರು ಕಡೆ. ಒಂದು, ಶ್ವೇಬಿಶ್ ಆಲೂಗಡ್ಡೆ ಸಲಾಡ್: ನೋಡಲು ಪಾಪದ್ದು, ಕಲಸುವುದು ಬಹಳ ಸಲ ಮಾಂಸದ ಸಾರಿನಲ್ಲಿ. ಇನ್ನೊಂದು ಬೇಳೆ ಮತ್ತು ಶ್ಪೆಟ್ಸ್‌ಲೆ. ಬೇಳೆ ಅಂದ ತಕ್ಷಣ ನಮ್ಮ ಮುಖ ಅರಳುತ್ತದೆ, ಆದರೆ ಅದರಲ್ಲಿ ಹಂದಿ ಮಾಂಸದ ಚೂರು ಇರಬಹುದು, ಪಕ್ಕದಲ್ಲಿ ಸಾಸೇಜ್ ಬರುತ್ತದೆ. ಮತ್ತೆ ಬ್ರೆಟ್ಸೆಲ್ ಅನ್ನೋ ಗಂಟಿನ ಆಕಾರದ ಬ್ರೆಡ್ಡು. ಕೆಲವು ಬೇಕರಿಯವರು ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ. "ಓನೆ ಫ್ಲೈಶ್, ಓನೆ ಶ್ಪೆಕ್?" ಅಂತ ಕೇಳಿ, ಮಾಂಸ ಇಲ್ಲದ್ದಾ, ಹಂದಿ ಚೂರು ಇಲ್ಲದ್ದಾ ಅಂತ ಅರ್ಥ. ನಾಚಿಕೊಳ್ಳಬೇಡಿ, ಜರ್ಮನ್ನರೇ ಈಗ ದಿನಾ ಕೇಳುತ್ತಾರೆ.

ಮೌಲ್‌ಟಾಶೆನ್ ತಿನ್ನಲೇಬೇಕು ಅಂತಾರೆ. ಏನದರ ವಿಶೇಷ?

ಮಾಂಸ ತಿನ್ನುವವರಾದರೆ ತಿನ್ನಿ. ತೆಳು ಹಿಟ್ಟಿನ ಹಾಳೆಯೊಳಗೆ ಕೊಚ್ಚಿದ ಮಾಂಸ, ಪಾಲಕ್, ಈರುಳ್ಳಿ, ನೆನೆಸಿದ ಬ್ರೆಡ್ ತುಂಬಿ ಮಡಿಸಿದ ಕಡುಬು. ಸಾರಿನಲ್ಲಿ ಹಾಕಿಯೋ ಹುರಿದೋ ಕೊಡುತ್ತಾರೆ. 2009ರಿಂದ ಯುರೋಪಿಯನ್ ಯೂನಿಯನ್ ಈ ಹೆಸರಿಗೆ ರಕ್ಷಣೆ ಕೊಟ್ಟಿದೆ, ನಮ್ಮ ಮೈಸೂರು ಮಲ್ಲಿಗೆಗೆ ಜಿಐ ಗುರುತು ಸಿಕ್ಕಿರುವ ಹಾಗೆ.

ಹತ್ತಿರದ ಮೌಲ್‌ಬ್ರೊನ್ ಮಠದ ಸನ್ಯಾಸಿಗಳಿಗೆ ಉಪವಾಸದ ದಿನ ಮಾಂಸ ಸಿಕ್ಕಿತಂತೆ. ದೇವರಿಗೆ ಕಾಣಬಾರದು ಅಂತ ಹಿಟ್ಟಿನೊಳಗೆ ಮುಚ್ಚಿಟ್ಟು ಬೇಯಿಸಿದರಂತೆ. ಅದಕ್ಕೇ ಇದಕ್ಕೆ "ದೇವರಿಗೆ ಟೋಪಿ ಹಾಕೋ ಪುಟ್ಟ" ಅನ್ನೋ ಅರ್ಥದ ಅಡ್ಡಹೆಸರೂ ಇದೆ. ಕಥೆ ನಿಜವೋ ಸುಳ್ಳೋ, ಹೇಳುವಾಗ ಮಾತ್ರ ಎಲ್ಲರೂ ಗಂಭೀರವಾಗಿ ಹೇಳುತ್ತಾರೆ. ಮಾಂಸ ಇಲ್ಲದ ಮೌಲ್‌ಟಾಶೆನ್ ಸೂಪರ್ ಮಾರ್ಕೆಟ್ಟುಗಳಲ್ಲಿ ಧಾರಾಳ ಸಿಗುತ್ತದೆ. ಮನೆಯಲ್ಲಿ ಒಗ್ಗರಣೆ ಹಾಕಿ ಹುರಿದು ನೋಡಿ.

ಚಿತ್ರಾನ್ನ ಕಟ್ಟಿಕೊಂಡು ಹೋಗಬಹುದಾ?

ಕಟ್ಟಿಕೊಂಡು ಹೋಗಿ. ಬ್ಯಾಗು ಬಿಚ್ಚಿಸಿ ತಿಂಡಿ ಎಸೆಯುವ ಪದ್ಧತಿ ಇಲ್ಲ. ಜರ್ಮನ್ನರೂ ಡಬ್ಬಿಯಲ್ಲಿ ಬ್ರೆಡ್ಡು, ಸೌತೆಕಾಯಿ ತಂದಿರುತ್ತಾರೆ. ದುಡ್ಡು ಉಳಿಸುವ ಶ್ವಾಬೆನ್ ಜನ ಬೇರೆ!

ದ್ರಾಕ್ಷಾರಸ ರುಚಿ ನೋಡಬಹುದಂತೆ, ಹೌದಾ?

ಹೌದು. ವಿನಾರಿಯಂ ಅನ್ನೋ ದ್ರಾಕ್ಷಿ ಕೃಷಿಯ ಮ್ಯೂಸಿಯಂ ಒಳಗೆ. ಹಳೇ ಮರದ ಗಾಣ, ಪೀಪಾಯಿ ನೋಡಿ ಆಮೇಲೆ ರುಚಿ. ಈ ಕಡೆಯ ದಿನಬಳಕೆಯ ಕೆಂಪು ವೈನ್ ಟ್ರೋಲಿಂಗರ್, ಬಣ್ಣ ತೆಳು, ಹಿಡಿಕೆ ಇರುವ ಕಾಲು ಲೀಟರಿನ ಲೋಟದಲ್ಲಿ ಕುಡಿಯುತ್ತಾರೆ. ಲೆಂಬರ್ಗರ್ ಇನ್ನೂ ಗಟ್ಟಿ. ಗಾಡಿ ಓಡಿಸುವವರಿಗೆ ರಕ್ತದಲ್ಲಿ ಮದ್ಯದ ಮಿತಿ 0.5 ಪ್ರೊಮಿಲ್, ಅಂದರೆ ಸಾವಿರಕ್ಕೆ ಅರ್ಧ ಪಾಲು, ಹೊಸ ಲೈಸೆನ್ಸಿನವರಿಗೆ ಸೊನ್ನೆ.

## ಇನ್ನೂ ಒಳಹೊಕ್ಕು ಕೇಳುವವರಿಗೆ

ಪ್ರಾಣಿಗಳ ಪಾರ್ಕಿಗೆ ಬೇರೆ ದಿನವೇ ಹೋಗಬೇಕಾ? ಅಲ್ಲೇ ಉಳಿದುಕೊಳ್ಳಬಹುದಾ?

ವಿಲ್ಡ್‌ಪರಡೀಸ್ 1972ರದು. ತೋಳ, ಕರಡಿ, ಲಿಂಕ್ಸ್ ಬೆಕ್ಕು, ಜಿಂಕೆ, ಹದ್ದು. ಹುಲಿ ಸಿಂಹ ಇಲ್ಲ, ಇರುವುದೆಲ್ಲ ಕಾಡಿನ ವಾತಾವರಣದಲ್ಲಿ. ಜಿಂಕೆಗಳು ನಿಮ್ಮ ನಡುವೆಯೇ ಓಡಾಡುತ್ತವೆ. ಮಧ್ಯಾಹ್ನ ತೋಳ ಕರಡಿಗಳಿಗೆ ಊಟ ಹಾಕುವುದನ್ನು ನೋಡಬಹುದು. ಹದ್ದು ಗಿಡುಗಗಳನ್ನು ಹಾರಿಸಿ ತೋರಿಸುತ್ತಾರೆ. ಬರಿಗಾಲಿನಲ್ಲಿ ನಡೆಯುವ ದಾರಿಯೂ ಇದೆ, ಅದು ನಮಗೇನು ಹೊಸದಲ್ಲ.

ಉಳಿದುಕೊಳ್ಳಲು ಮರದ ಮೇಲಿನ ಮನೆಗಳು, ಕುರಿಗಾಹಿಗಳ ಗಾಲಿ ಗುಡಿಸಲುಗಳು ಇವೆ. ಕುರಿ ಕಾಯುವವರು ಮಂದೆಯ ಜೊತೆ ಎಳೆದುಕೊಂಡು ಹೋಗುತ್ತಿದ್ದ ಮಲಗುವ ಗಾಡಿಯ ಮಾದರಿ ಅದು. ರಜೆಗೆ ಬೇಕಾದರೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು. ರಾತ್ರಿ ತೋಳ ಊಳಿಟ್ಟರೆ ಮಕ್ಕಳು ಅಪ್ಪನ ಹಾಸಿಗೆಗೆ ಬರುತ್ತಾರೆ, ಜಾಗ ಇಟ್ಟಿರಿ.

1880 ನಿಜವಾಗಿ ಇಷ್ಟು ಚೆನ್ನಾಗಿತ್ತಾ? ಎಲ್ಲಾ ಸಿಹಿ ಲೇಪಿಸಿದ ಹಾಗೆ ಅನ್ನಿಸುತ್ತೆ.

ಅನ್ನಿಸುವುದು ಸರಿ. ನಿಜವಾದ ಶ್ವಾಬೆನ್ ಆ ಶತಮಾನದಲ್ಲಿ ಬಡ ಸೀಮೆ. ಇಲ್ಲಿ ಆಸ್ತಿಯನ್ನು ಎಲ್ಲ ಮಕ್ಕಳಿಗೂ ಹಂಚುವ ಪದ್ಧತಿ ಇತ್ತು. ಮೂರು ತಲೆಮಾರಿಗೆ ಹೊಲ ಕರವಸ್ತ್ರದಷ್ಟಾಗುತ್ತಿತ್ತು. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, ಮುಂದಿನ ವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ವ್ಯೂರ್ಟೆಂಬರ್ಗ್‌ನಲ್ಲಿ ಜನ ಹಸಿದು ಊರು ಬಿಟ್ಟರು. ಕೆಲವರು ಅಮೆರಿಕಕ್ಕೆ, ಕೆಲವರು ರಷ್ಯಾ ದಾಟಿ ಕಾಕಸಸ್‌ವರೆಗೆ. ಬರ ಕಳೆದ ಮೇಲೆ ರಾಜ ಮೊದಲನೇ ವಿಲ್‌ಹೆಲ್ಮ್ 1818ರಲ್ಲಿ ಶುರು ಮಾಡಿದ ಕೃಷಿ ಹಬ್ಬವೇ ಇವತ್ತಿನ ಸ್ಟಟ್‌ಗಾರ್ಟ್‌ನ ಕಾನ್‌ಸ್ಟಾಟ್ ಜಾತ್ರೆ.

ಪಾರ್ಕಿನಲ್ಲಿ ಹಸಿವಿಲ್ಲ, ಸಾಲವಿಲ್ಲ. ಒಗೆಯುವ ಬಾನಿ ಆಟ ಆಗುವುದು ಬಟ್ಟೆ ಒಗೆಯುವ ಮಿಷನ್ನು ಮನೆಗೆ ಬಂದ ಮೇಲೆಯೇ. ಇಷ್ಟಾದರೂ ಇಲ್ಲಿ ಅರಮನೆ ಕಟ್ಟಿಲ್ಲ, ಒಕ್ಕಲಿನ ಸಾಮಾನು ಇಟ್ಟಿದ್ದಾರೆ ಅನ್ನೋದಕ್ಕೆ ನಾನು ಅಂಕ ಕೊಡುತ್ತೇನೆ. ಇನ್ನೊಂದು ತಕರಾರು ಭಾಷಾ ಪಂಡಿತರದ್ದು: ಹೈಲ್‌ಬ್ರೊನ್ ಕಡೆಗೆ ಹೋದ ಹಾಗೆಲ್ಲ ಮಾತು ಫ್ರಾಂಕೋನಿಯನ್ ಅನ್ನೋ ಪಕ್ಕದ ಸೀಮೆಯ ಆಡುಮಾತಿನ ಕಡೆ ವಾಲುತ್ತದೆ, ಇದು ಅಪ್ಪಟ ಶ್ವೇಬಿಶ್ ಸೀಮೆಯಲ್ಲ, ಗಡಿ. ಸರಿಯೇ. ಗಡಿಯಲ್ಲಿ ಇರುವವರಿಗೆ ಅಭಿಮಾನ ಒಂದು ಗುಲಗಂಜಿ ಜಾಸ್ತಿ ಅಲ್ವಾ?

ವಾಪಸ್ ಬರುವಾಗ ದಾರಿಯಲ್ಲಿ ಏನು ನೋಡಬಹುದು?

ಹೊತ್ತಿದ್ದರೆ ಮಿಖಾಯೆಲ್ಸ್‌ಬೆರ್ಗ್ ಹತ್ತಿ. 400 ಮೀಟರ್‌ಗೆ ಸ್ವಲ್ಪ ಕಮ್ಮಿ ಎತ್ತರ, ಮೇಲೆ ಹಳೇ ಚರ್ಚು, ಕೆಳಗೆ ಇಡೀ ತ್ಸಾಬರ್‌ಗಾಯ್ ಬಯಲು. ಪಶ್ಚಿಮಕ್ಕೆ ಮೌಲ್‌ಬ್ರೊನ್ ಮಠ ಇದೆ, 1993ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಅದಕ್ಕೆ ಇನ್ನೊಂದು ದಿನ ಇಡಿ. ಹಳ್ಳಿಗಳಲ್ಲಿ ಮನೆ ಮುಂದೆ ಪೊರಕೆ ನೇತು ಹಾಕಿದ್ದರೆ ಬೆದರಬೇಡಿ. ದ್ರಾಕ್ಷಿ ಬೆಳೆದ ರೈತರೇ ಕೆಲವು ವಾರ ತಮ್ಮ ಮನೆಯಲ್ಲೇ ವೈನು, ಊಟ ಮಾರುತ್ತಾರೆ. ಪೊರಕೆ ಇದ್ದರೆ ಬಾಗಿಲು ತೆರೆದಿದೆ ಅಂತ ಅರ್ಥ.

ಈ ಕಡೆಗೂ ಕನ್ನಡಕ್ಕೂ ಏನೋ ನಂಟಿದೆ ಅಂತ ಹೇಳಿದ್ರಿ. ಸುಮ್ನೆ ಹೇಳಿದ್ದಾ?

ಸುಮ್ನೆ ಅಲ್ಲ. ಪಾರ್ಕಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಬ್ರಾಕೆನ್‌ಹೈಮ್ ಇದೆ. ಲೆಂಬರ್ಗರ್ ವೈನಿಗೆ ಹೆಸರಾದ ಪುಟ್ಟ ಊರು. ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷ ಥಿಯೊಡೋರ್ ಹಾಯ್ಸ್ 1884ರಲ್ಲಿ ಅಲ್ಲಿ ಹುಟ್ಟಿದರು. ಅದಕ್ಕೂ ಮುಂಚೆ, 1811ರಲ್ಲಿ, ಅದೇ ಊರಲ್ಲಿ ಹುಟ್ಟಿದವರು ಹರ್ಮನ್ ಮೊಗ್ಲಿಂಗ್.

ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರಲ್ಲಿ ಅವರು ಮಂಗಳೂರಿಗೆ ಬಂದರು. 1843ರ ಜುಲೈ 1ರಂದು "ಮಂಗಳೂರು ಸಮಾಚಾರ" ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಕರ್ನಾಟಕದಲ್ಲಿ ಪತ್ರಿಕಾ ದಿನ ಆಚರಿಸುವುದು ಆ ತಾರೀಖಿಗೇ. ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದ್ದೂ ಅವರೇ. ಕೊಡಗಿನಲ್ಲೂ ಕೆಲಸ ಮಾಡಿದರು. ಕೊನೆಗೆ ಊರಿಗೆ ಮರಳಿ 1881ರಲ್ಲಿ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಪಾರ್ಕು ತೋರಿಸುವ 1880 ಅವರ ಕೊನೆಯ ದಿನಗಳ ಕಾಲ. ನಿಘಂಟಿನ ಕಿಟ್ಟೆಲ್ ಹುಟ್ಟಿದ್ದು ಜರ್ಮನಿಯ ಉತ್ತರ ಕರಾವಳಿಯ ಕಡೆ, ಆದರೆ 1903ರಲ್ಲಿ ತೀರಿಕೊಂಡದ್ದು ಸ್ಟಟ್‌ಗಾರ್ಟ್‌ನಿಂದ ದಕ್ಷಿಣಕ್ಕಿರುವ ಟ್ಯೂಬಿಂಗೆನ್‌ನಲ್ಲಿ.

ಅಪ್ಪನಿಗೆ ದಾರಿಯಲ್ಲಿ ಇದನ್ನು ಹೇಳಿದ್ದೆ. ಅವರು ಕೋಸ್ಟರ್ ಹತ್ತಲಿಲ್ಲ, ಸೂಪಿನ ಬಟ್ಟಲಲ್ಲೂ ಕೂರಲಿಲ್ಲ. ಸಂಜೆ ವಾಪಸ್ ಬರುವಾಗ ಬ್ರಾಕೆನ್‌ಹೈಮ್‌ನಲ್ಲಿ ಕಾರು ನಿಲ್ಲಿಸು ಅಂದರು. ಬೀದಿಯಲ್ಲಿ ಒಂದು ಸುತ್ತು ನಡೆದು, ಊರ ಹೆಸರಿನ ಹಳದಿ ಬೋರ್ಡಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು.